ಒಳಚಿಲಕ ಮತ್ತು ಬಚ್ಚಲ ಪಾಚಿ

ನಮ್ಮ ಕಡೆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ, ಆಮೇಲೆ ಅದನ್ನೇ ಎಡವಿ ಬೀಳುತ್ತೇವೆ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾವ ಊರಿನ ಹಳೇ ಮಾಳಿಗೆ ಮನೆಗೆ ಹೋದರೂ ಹೊಸ್ತಿಲು ಗೇಣೆತ್ತರ, ಬಾಗಿಲು ಗಿಡ್ಡ. ಒಳಗೆ ಹೋಗುವವನು ಒಂದೇ ಏಟಿಗೆ ತಲೆ ತಗ್ಗಿಸಬೇಕು, ಕಾಲು ಎತ್ತಬೇಕು. ಇಪ್ಪತ್ತರ ಹುಡುಗ ಹಾಗೆ ಮಾಡಿದರೆ ವಿನಯದಂತೆ ಕಾಣುತ್ತದೆ. ಎಪ್ಪತ್ತೈದರ ಅಜ್ಜನಿಗೆ ಅದು ದಿನಕ್ಕೆ ಹತ್ತು ಸಲದ ಸರ್ಕಸ್ಸು.

ಹೊಸ್ತಿಲನ್ನು ಅಷ್ಟು ಎತ್ತರ ಯಾಕೆ ಮಾಡಿದಿರಿ ಎಂದು ಹಿರಿಯರನ್ನು ಕೇಳಿದರೆ ಕಾರಣಕ್ಕೇನೂ ಬರವಿಲ್ಲ. ಮಳೆನೀರು ಒಳಗೆ ಬರಬಾರದು, ಅಂಬೆಗಾಲಿಡುವ ಕೂಸು ಹೊರಗೆ ಹೋಗಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಚೇಳು ಒಳಗೆ ತೆವಳಬಾರದು. ಚೇಳಿನ ಮಾತು ಸುಳ್ಳಲ್ಲ. ನಮ್ಮದು ಕಲ್ಲುಗುಡ್ಡದ ಒಣ ಸೀಮೆ. ಕಟ್ಟಿಗೆ ಒಟ್ಟು, ಕುಳ್ಳಿನ ಗುಡ್ಡೆ, ಮೂಲೆಯಲ್ಲಿ ಬಿಟ್ಟ ಚಪ್ಪಲಿ, ಎಲ್ಲವೂ ಅದಕ್ಕೆ ಮನೆಯೇ. ಕಡಿಸಿಕೊಂಡವರು ಮೊದಲು ಮಂತ್ರ ಹಾಕುವವರನ್ನು ಹುಡುಕುತ್ತಾರೆ, ಆಮೇಲೆ ಸುಣ್ಣ, ಆಮೇಲೆ ಆಸ್ಪತ್ರೆ. ಮಹಾರಾಷ್ಟ್ರದ ಮಹಾಡ ಎಂಬ ಸಣ್ಣ ಊರಿನಲ್ಲಿ ಕೂತು ಹಿಮ್ಮತ್‌ರಾವ್ ಬಾವಸ್ಕರ್ ಎಂಬ ವೈದ್ಯರು, ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಗುಳಿಗೆಯಿಂದಲೇ ಕೆಂಪು ಚೇಳು ಕಡಿದವರನ್ನು ಉಳಿಸಬಹುದೆಂದು ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಗುಳಿಗೆ ಬೇಗ ಸಿಕ್ಕಷ್ಟೂ ಒಳ್ಳೆಯದು. ಮಂತ್ರ ಹಾಕುವವನ ಮನೆ ಹುಡುಕುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತದೆ. ಇರಲಿ, ಚೇಳಿನಿಂದ ಕಾಪಾಡಲು ಇಟ್ಟ ಹೊಸ್ತಿಲೇ ಈಗ ಸೊಂಟ ಮುರಿಯುತ್ತಿದೆ ಎಂಬುದಷ್ಟೇ ನನ್ನ ತಕರಾರು. ಕಿತ್ತು ಹಾಕಿ ಎಂದರೆ ಮನೆದೇವರು ಮುನಿಯುತ್ತದೆ ಎನ್ನುತ್ತಾರೆ. ಬೇಡ, ಕೀಳುವುದು ಬೇಡ. ಒಳಗೊಂದು ಹೊರಗೊಂದು ಇಳಿಜಾರು ಸಿಮೆಂಟು ಮೆತ್ತಿ, ಹೊಸ್ತಿಲ ಅಂಚಿಗೆ ಎದ್ದು ಕಾಣುವ ಹಳದಿ ಬಣ್ಣ ಬಳಿದರೆ ಸಾಕು. ಅರಿಶಿನದ ಬಣ್ಣವೇ ಆದ್ದರಿಂದ ದೇವರಿಗೂ ಬೇಸರವಿರಲಾರದು.

ಒಂಟಿ ಮುದುಕರು ಎಂದ ಕೂಡಲೇ ಪೇಪರಿನವರು ಬೆಂಗಳೂರಿನ ಜಯನಗರದ ದೊಡ್ಡ ಮನೆ, ಅಮೆರಿಕದಲ್ಲಿರುವ ಮಗ, ಗೇಟಿನ ಹತ್ತಿರ ನಾಯಿ, ಇಂಥದ್ದನ್ನೇ ಬರೆಯುತ್ತಾರೆ. ಕೂಡ್ಲಿಗಿ, ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ನಮ್ಮ ಈ ಐದು ತಾಲ್ಲೂಕುಗಳ ಒಂಟಿತನದ ಬಗೆಯೇ ಬೇರೆ. ಇಲ್ಲಿ ಅದನ್ನು ತರುವುದು ಗುಳೆ. ಮುಂಗಾರಿನ ಸುಗ್ಗಿ ಮುಗಿಯುತ್ತಿದ್ದಂತೆ ಹರಪನಹಳ್ಳಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ, ಹಟ್ಟಿಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾರೆ. ಕೆಲವರು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಕ್ಕೆ, ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು, ಉಳಿದವರು ಬೆಂಗಳೂರಿನ ಸೆಂಟ್ರಿಂಗ್ ಕೆಲಸಕ್ಕೆ. ಗಂಡ ಹೆಂಡತಿ ಹೋಗುತ್ತಾರೆ, ಎಷ್ಟೋ ಸಲ ಮಕ್ಕಳೂ ಹೋಗುತ್ತವೆ. ಉಳಿಯುವುದು ಅಜ್ಜಿ, ಎರಡು ಆಡು, ಒಂದು ಬೀಗದ ಕೈ. ಉಗಾದಿವರೆಗೂ ಮನೆ ಕಾಯುವುದು ಅಜ್ಜಿಯ ಕೆಲಸ. ಅಜ್ಜಿಯನ್ನು ಕಾಯುವ ಕೆಲಸವನ್ನು ಯಾರಿಗೂ ಹಂಚಿಲ್ಲ.

ಇನ್ನೊಂದು ಬಗೆ ಕೊಟ್ಟೂರು, ಹಗರಿಬೊಮ್ಮನಹಳ್ಳಿಯಂಥ ಪೇಟೆಗಳದ್ದು. ಗಂಡ ಮೇಷ್ಟ್ರಾಗಿಯೋ ಕಿರಾಣಿ ಅಂಗಡಿ ಇಟ್ಟುಕೊಂಡೋ ಬದುಕು ಮುಗಿಸಿ ಹೋದ. ಮಕ್ಕಳು ಓದಿ ಸಾಫ್ಟ್‌ವೇರಿಗೆ ಸೇರಿದರು. ಅಮ್ಮ ನೆಲಕ್ಕೆ ಟೈಲ್ಸ್ ಹಾಕಿಸಿದ ಮನೆಯಲ್ಲಿ ಒಬ್ಬಳೇ. ಬೆಂಗಳೂರಿಗೆ ಕರೆದರೆ ವಾರ ಇದ್ದು ವಾಪಸು ಬರುತ್ತಾಳೆ. ಅಲ್ಲಿ ಮೂರನೇ ಮಹಡಿಯಿಂದ ಕೆಳಗೆ ನೋಡಿದರೆ ಮಾತಾಡುವ ಒಂದು ಮುಖ ಕಾಣುವುದಿಲ್ಲ, ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನೋಣವೆಂದರೆ ಸಿಗುವುದಿಲ್ಲ ಎನ್ನುತ್ತಾಳೆ. ನನ್ನ ಮಟ್ಟಿಗೆ ಎರಡೂ ನ್ಯಾಯವಾದ ದೂರುಗಳೇ. ಕೊಟ್ಟೂರಿನ ಮಿರ್ಚಿ ತಿಂದು ಬೆಳೆದ ನಾಲಗೆಗೆ ಬೆಂಗಳೂರಿನ ಬೋಂಡಾ ಕೊಡುವುದು ಒಂದು ಬಗೆಯ ಹಿಂಸೆಯೇ.

ಗುಳೆಯ ಅಜ್ಜಿಗೂ ಟೈಲ್ಸ್ ಮನೆಯ ಅಮ್ಮನಿಗೂ ಬೀಳುವ ಜಾಗ ಮಾತ್ರ ಒಂದೇ, ಬಚ್ಚಲು.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮ ಇದೆ. ಆ ಕಡೆಯ ಊರಿಗೆ ರಾತ್ರಿ ಕರಡಿ ಬಂತೆಂದರೆ ಊರಿಗೆ ಊರೇ ಕೋಲು ಹಿಡಿದು, ಡಬ್ಬ ಬಾರಿಸಿಕೊಂಡು ಹೊರಡುತ್ತದೆ. ಅರಣ್ಯ ಇಲಾಖೆಗೆ ಫೋನು, ಪೇಪರಿಗೆ ಫೋಟೋ. ಬಚ್ಚಲ ಪಾಚಿಗೆ ಯಾರೂ ಕೋಲು ಹಿಡಿದದ್ದಿಲ್ಲ. ಬೀಳುವುದು ಎಂದರೆ ಸಣ್ಣ ಮಾತೆಂದು ನಾವು ತಿಳಿದಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದೇ ಸಾಯುತ್ತಾರೆ. ಆಕಸ್ಮಿಕ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಎರಡನೇ ಸ್ಥಾನ ಇದಕ್ಕೇ. ಹಾಗೆ ಸಾಯುವವರಲ್ಲಿ ಹೆಚ್ಚಿನವರು 60 ದಾಟಿದವರು.

ನಮ್ಮ ಬಚ್ಚಲನ್ನು ಹತ್ತಿರದಿಂದ ನೋಡಿ. ಕೊಟ್ಟೂರಿನ ನೆಂಟರೊಬ್ಬರ ಮನೆಯದು ನನಗೆ ಚೆನ್ನಾಗಿ ಗೊತ್ತು. ಅಡುಗೆಮನೆಯ ಮೂಲೆಯಿಂದ ಎರಡು ಮೆಟ್ಟಿಲು ಇಳಿಯಬೇಕು, ಒಂದು ಗಿಡ್ಡ, ಒಂದು ಎತ್ತರ. ನೆಲಕ್ಕೆ ಕಡಪ ಕಲ್ಲು. ಮೊದಲು ಒರಟಾಗಿದ್ದದ್ದು ನಲವತ್ತು ವರ್ಷದ ಸೀಗೆಪುಡಿ, ಹರಳೆಣ್ಣೆ, ಸೋಪಿನಿಂದ ಸವೆದು ಕನ್ನಡಿಯಾಗಿದೆ. ಗೋಡೆಯ ಬುಡದಲ್ಲಿ, ನೀರು ಹೋಗುವ ತೂತಿನ ಸುತ್ತ, ಹಸಿರು ಪಾಚಿ. ಎಡಕ್ಕೆ ಹಂಡೆ, ಹಂಡೆಯ ಒಲೆಯ ಬೂದಿ. ಹಿಡಿಯಲು ಇರುವುದೊಂದೇ, ಗೋಡೆಗೆ ಹೊಡೆದ ಮೊಳೆ. ಅದಕ್ಕೆ ಟವೆಲ್ಲು ನೇತು ಹಾಕಿದೆ. ಕಾಲು ಜಾರಿದವರು ಹಿಡಿಯುವುದು ಆ ಟವೆಲ್ಲನ್ನು. ಟವೆಲ್ಲು ಅವರ ಜೊತೆಗೇ ಕೆಳಗೆ ಬರುತ್ತದೆ.

ಇದಕ್ಕೆ ಬೇಕಾದದ್ದು ದೊಡ್ಡ ಯೋಜನೆಯಲ್ಲ. ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ನಾರಿನಲ್ಲಿ ಯಾರಾದರೂ ತಿಕ್ಕಬೇಕು. ಆ ಯಾರಾದರೂ ಅಜ್ಜಿಯಾಗಿರಬಾರದು. ಕಲ್ಲಿಗೆ ಉಳಿಯಿಂದ ಗೀರು ಹಾಕಿಸಬೇಕು, ಬೀಸುವ ಕಲ್ಲಿಗೆ ಮುಳ್ಳು ಹಾಕಿದ ಹಾಗೆ. ಗೋಡೆಗೆ ಸೊಂಟದೆತ್ತರಕ್ಕೆ ಒಂದು ಸ್ಟೀಲ್ ಹಿಡಿಕೆ ಬೇಕು. ಮಣ್ಣಿನ ಗೋಡೆಯಾದರೆ ಅದು ಮೊಳೆಯನ್ನೇ ಹಿಡಿಯುವುದಿಲ್ಲ, ಇನ್ನು ಮನುಷ್ಯನ ಭಾರ ತಡೆಯುತ್ತದೆಯೇ? ಅಲ್ಲಿ ನೆಲದಿಂದಲೇ ಒಂದು ಕಬ್ಬಿಣದ ಕಂಬ ನೆಟ್ಟು ಕಾಂಕ್ರೀಟು ಹಾಕಬೇಕು. ಕೂತು ಸ್ನಾನ ಮಾಡಲು ಅಗಲ ಕಾಲಿನ ಒಂದು ಸ್ಟೂಲು. ಪ್ಲಾಸ್ಟಿಕ್ ಕುರ್ಚಿ ಕೊಡಬೇಡಿ, ಒದ್ದೆ ಕಲ್ಲಿನ ಮೇಲೆ ಅದರ ಕಾಲು ನಾಲ್ಕು ದಿಕ್ಕಿಗೂ ಹೋಗುತ್ತದೆ.

ಹಂಡೆ ಹೋಗಿ ಈಗ ಕಾಯಿಲ್ ಬಂದಿದೆ. ಬಕೆಟ್ಟಿನ ನೀರಿಗೆ ಇಳಿಬಿಟ್ಟು ಸ್ವಿಚ್ ಹಾಕುವ ಆ ಸುರುಳಿ ನಮ್ಮ ಕಡೆ ಮನೆಮನೆಯಲ್ಲೂ ಇದೆ. ನೀರು ಕಾದಿದೆಯೋ ಇಲ್ಲವೋ ನೋಡಲು ಅಜ್ಜಿ ಬೆರಳು ಅದ್ದುತ್ತಾಳೆ. ಪ್ಲಗ್ ಕಿತ್ತ ಮೇಲೆ ಬೆರಳು, ಬೆರಳಾದ ಮೇಲೆ ಪ್ಲಗ್ ಅಲ್ಲ ಎಂದು ಎಷ್ಟು ಹೇಳಿದರೂ ಅಭ್ಯಾಸ ಬಿಡುವುದಿಲ್ಲ. ಅದಕ್ಕೇ ಹೇಳುವುದನ್ನು ಬಿಟ್ಟು ಮೀಟರ್ ಬೋರ್ಡಿನ ಪಕ್ಕ 30 ಮಿಲಿ ಆಂಪಿಯರಿನ ಒಂದು ಇಎಲ್‌ಸಿಬಿ ಹಾಕಿಸಿ. ಕರೆಂಟು ಮೈಗೆ ಸೋರಿದ ಕ್ಷಣದಲ್ಲೇ ಅದು ಮನೆಯ ಲೈನು ಕಡಿದುಬಿಡುತ್ತದೆ. ಬುದ್ಧಿ ಹೇಳಿ ಸೋತವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಬಚ್ಚಲಾದ ಮೇಲೆ ರಾತ್ರಿ. ಮೂರು ಗಂಟೆಗೆ ಒಂದಕ್ಕೆ ಹೋಗಲು ಏಳುತ್ತಾರೆ. ಮಲಗಿದ್ದವರು ದಡಕ್ಕನೆ ಎದ್ದು ನಿಂತರೆ ರಕ್ತದೊತ್ತಡ ಕುಸಿದು ತಲೆ ಗಿರ್ರೆನ್ನುತ್ತದೆ, ಬಿ.ಪಿ. ಗುಳಿಗೆ ನುಂಗುವವರಿಗೆ ಇನ್ನೂ ಹೆಚ್ಚು. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಒಂದು ನಿಮಿಷ ಕೂತು ಶಿವಶಿವ ಅಂದು ಏಳಬೇಕು. ಕಣ್ಣಿಗೆ ದೂರದ್ದೂ ಹತ್ತಿರದ್ದೂ ಒಂದೇ ಗಾಜಿನಲ್ಲಿರುವ ಕನ್ನಡಕ ಇದ್ದರೆ ಮೆಟ್ಟಿಲಿಳಿಯುವಾಗ ಜೋಕೆ. ಓದುವ ಭಾಗದಿಂದ ಕೆಳಗೆ ನೋಡಿದರೆ ಮೆಟ್ಟಿಲು ಇದ್ದಲ್ಲಿ ಇರುವುದಿಲ್ಲ.

ಇನ್ನು ದೀಪ. ನಮ್ಮ ಹಿರಿಯರಿಗೆ ದೀಪ ಆರಿಸುವುದು ಒಂದು ವ್ರತ. ‘ಬಿಲ್ಲು ಬರ್ತೈತಿ, ಆರಿಸೋ’ ಎನ್ನುತ್ತಾ ಮನೆ ಪೂರ್ತಿ ಕತ್ತಲೆ ಮಾಡಿ, ಆ ಕತ್ತಲೆಯಲ್ಲಿ ಗೋಡೆ ತಡವುತ್ತಾ ಹೋಗುತ್ತಾರೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು 200 ಯೂನಿಟ್ಟಿನ ಮಿತಿಯೊಳಗೆ ಬಿಲ್ಲೇ ಇಲ್ಲದಂತಾಗಿದೆ. 5 ವ್ಯಾಟಿನ ಎಲ್‌ಇಡಿ ಬಲ್ಬು ರಾತ್ರಿ ಹತ್ತು ಗಂಟೆ ಉರಿದರೂ ತಿಂಗಳಿಗೆ ಆಗುವುದು ಒಂದೂವರೆ ಯೂನಿಟ್ಟು. ಈ ಲೆಕ್ಕ ಹೇಳಿದ ಮೇಲೂ ಆರಿಸುತ್ತಾರೆ. ಸ್ವಿಚ್ಚನ್ನೇ ತೆಗೆದು ನೇರ ಲೈನು ಕೊಟ್ಟವರನ್ನು ನಾನು ಬಲ್ಲೆ. ಅವರ ಜಾಣತನಕ್ಕೆ ಶರಣು. ಕರೆಂಟು ಹೋದರೆ ಇರಲಿ ಎಂದು ದಿಂಬಿನ ಪಕ್ಕ ಒಂದು ಟಾರ್ಚು.

ಮಾಳಿಗೆಯ ಮಾತು ಬಿಟ್ಟರೆ ನಮ್ಮ ಸೀಮೆಗೆ ಅನ್ಯಾಯ ಮಾಡಿದಂತೆ. ಮಣ್ಣಿನ ಮಾಳಿಗೆ ಬೇಸಿಗೆಗೆ ತಂಪು. ನಲವತ್ತು ಡಿಗ್ರಿ ಬಿಸಿಲಿನಲ್ಲಿ ತಗಡಿನ ಮನೆಯವರು ಬೇಯುವಾಗ ಮಾಳಿಗೆ ಮನೆಯವರು ನಿದ್ದೆ ಮಾಡುತ್ತಾರೆ. ಆದರೆ ಅದು ಸೇವೆ ಕೇಳುತ್ತದೆ. ಮುಂಗಾರಿಗೆ ಮುಂಚೆ ಮೇಲೆ ಹತ್ತಿ ಚೌಳು ಮಣ್ಣು ಹಾಕಿ ತುಳಿಯಬೇಕು. ಮಗ ಗುಳೆ ಹೋದವನು ಬರದಿದ್ದರೆ ಅಜ್ಜನೇ ನಿಚ್ಚಣಿಕೆ ಹತ್ತುತ್ತಾನೆ. ಮಾರ್ಚಿನಲ್ಲಿ ಶಾವಿಗೆ, ಸಂಡಿಗೆ ಒಣಹಾಕಲು ಅಜ್ಜಿಯೂ ಹತ್ತುತ್ತಾಳೆ, ಒಂದು ಕೈಯಲ್ಲಿ ಮೊರ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ. ನಿಚ್ಚಣಿಕೆ ಹಿಡಿಯಲು ಮೂರನೇ ಕೈ ದೇವರು ಕೊಟ್ಟಿಲ್ಲ. ಸಂಡಿಗೆ ಅಂಗಳದ ಹೊರಸಿನ ಮೇಲೂ ಒಣಗುತ್ತದೆ. ಕಾಗೆ ಓಡಿಸುವ ಕೆಲಸ ಸ್ವಲ್ಪ ಹೆಚ್ಚಾಗಬಹುದು, ಅಷ್ಟೇ. ಜಡಿಮಳೆ ಹಿಡಿದಾಗ ಮಾತ್ರ ಹಠ ಬೇಡ. ಮಣ್ಣಿನ ಗೋಡೆ ನೀರು ಕುಡಿದು ಹೊಟ್ಟೆ ಬಿಟ್ಟಿದ್ದರೆ ಅದರ ಬುಡದಲ್ಲಿ ಹಾಸಿಗೆ ಹಾಸಬಾರದು. ಆ ರಾತ್ರಿ ಪಕ್ಕದ ಮನೆಯಲ್ಲೋ ಊರಿನ ಶಾಲೆಯಲ್ಲೋ ಮಲಗಿದರೆ ಮಾನ ಹೋಗುವುದಿಲ್ಲ.

ಬೀಳುವುದರಲ್ಲಿ ನಮ್ಮ ಐದು ತಾಲ್ಲೂಕಿಗೆ ಹೆಸರು ತಂದವರು ಯಾರು ಎಂದು ಕೇಳಿದರೆ ಮೈಲಾರದ ಗೊರವಯ್ಯ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟು ಜನಸಾಗರ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತದೆ. ವರ್ಷದ ಭವಿಷ್ಯ ಹೇಳುವ ಒಂದೇ ಒಂದು ಸಾಲಿನ ಕಾರ್ಣಿಕ ನುಡಿದು ಮೇಲಿಂದ ಕೆಳಕ್ಕೆ ಬೀಳುತ್ತಾನೆ. ಕೆಳಗೆ ನಿಂತ ಭಕ್ತರು ಹಿಡಿದುಕೊಳ್ಳುತ್ತಾರೆ. ಆಮೇಲೆ ಆ ಸಾಲಿನ ಅರ್ಥ ಮಳೆಗೋ ಬೆಳೆಗೋ ವಿಧಾನಸೌಧಕ್ಕೋ ಎಂದು ವರ್ಷವಿಡೀ ಚರ್ಚೆ. ನನಗೆ ಆ ಸಾಲಿಗಿಂತ ಕೆಳಗೆ ನಿಂತ ಕೈಗಳ ಮೇಲೆ ಭಕ್ತಿ ಹೆಚ್ಚು. ಅಷ್ಟು ಎತ್ತರದಿಂದ ಬಿದ್ದವನು ಮಾರನೇ ದಿನ ಎದ್ದು ಓಡಾಡುತ್ತಾನೆ. ಎರಡು ಮೆಟ್ಟಿಲ ಬಚ್ಚಲಲ್ಲಿ ಬಿದ್ದವಳು ಆರು ತಿಂಗಳು ಏಳುವುದಿಲ್ಲ. ತೊಡೆಯ ಮೂಳೆ ಮುರಿಯುವುದು ಒಂದು ಪೆಟ್ಟು. ಮುರಿದ ಮೇಲೆ ತಣ್ಣನೆಯ ಕಲ್ಲಿನ ಮೇಲೆ ಗಂಟೆಗಟ್ಟಲೆ, ಯಾರೂ ಬಾರದೆ, ನೀರಿಲ್ಲದೆ ಬಿದ್ದಿರುವುದು ಅದಕ್ಕಿಂತ ದೊಡ್ಡ ಪೆಟ್ಟು. ಬಿದ್ದವರನ್ನು ಮುಗಿಸುವುದು ಬಹಳ ಸಲ ಈ ಎರಡನೆಯದೇ.

ಮಕ್ಕಳು ಇದಕ್ಕೆ ಕಂಡುಕೊಂಡ ಪರಿಹಾರ ಕ್ಯಾಮೆರಾ. ಹಬ್ಬಕ್ಕೆ ಬಂದವರು ಪಡಸಾಲೆಯ ಮೂಲೆಗೆ ಒಂದು ಸಿಸಿ ಕ್ಯಾಮೆರಾ ಸಿಕ್ಕಿಸಿ ವೈಫೈ ಹಾಕಿಸಿ ಹೋಗುತ್ತಾರೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕೂತು ಅಮ್ಮ ಅವರೆಕಾಯಿ ಬಿಡಿಸುವುದನ್ನು ಮೊಬೈಲಿನಲ್ಲಿ ನೋಡಿ ಸಮಾಧಾನಪಡುತ್ತಾರೆ. ತಪ್ಪೇನಲ್ಲ. ಆದರೆ ಬಚ್ಚಲಲ್ಲಿ ಕ್ಯಾಮೆರಾ ಇರುವುದಿಲ್ಲ, ಇರಲೂಬಾರದು. ಇನ್ನು ಪಡಸಾಲೆಯಲ್ಲೇ ಬಿದ್ದದ್ದು ಕಂಡಿತೆನ್ನಿ. ಮಗ ಮುನ್ನೂರು ಕಿಲೋಮೀಟರು ದೂರದಿಂದ ಪಕ್ಕದ ಮನೆಗೆ ಫೋನು ಮಾಡುತ್ತಾನೆ. ಪಕ್ಕದ ಮನೆಯವರು ಓಡಿ ಬರುತ್ತಾರೆ. ಬಾಗಿಲಿಗೆ ಒಳಗಿನಿಂದ ಚಿಲಕ, ಅದರ ಮೇಲೆ ಅಗುಳಿ, ಅದರ ಕೆಳಗೆ ಹೊಸದಾಗಿ ಹಾಕಿಸಿದ ಟವರ್ ಬೋಲ್ಟು. ಕಳ್ಳರ ಭಯಕ್ಕೆ ಮೂರು, ಬೀಳುವ ಭಯಕ್ಕೆ ಒಂದೂ ಇಲ್ಲ. ಬಾಗಿಲು ಒಡೆಯಲು ಬಡಗಿ ಬರಬೇಕು. ತೇಗದ ಹಳೇ ಬಾಗಿಲು ಅವನಿಗೂ ಬೇಗ ಬಗ್ಗುವುದಿಲ್ಲ. ಹೊರಗೆ 108 ನಿಂತಿದೆ, ಒಳಗೆ ಅಮ್ಮ ಬಿದ್ದಿದ್ದಾಳೆ, ನಡುವೆ ಅಜ್ಜನ ಕಾಲದ ಗಟ್ಟಿ ಬಾಗಿಲು.

ಹಾಗಾಗಿ ನನ್ನ ವಾದವೆಲ್ಲ ಒಳಚಿಲಕದ ಮೇಲೆ. ಒಳಗಿನಿಂದಲೂ ಹೊರಗಿನಿಂದಲೂ ಬೀಗದ ಕೈಯಲ್ಲಿ ತೆರೆಯುವ ಒಂದು ಲಾಕು ಹಾಕಿಸಿ. ಒಂದು ಕೈ ಒಳಗಿರಲಿ, ಇನ್ನೊಂದು ಪಕ್ಕದ ಮನೆಯಲ್ಲಿರಲಿ. ಬಚ್ಚಲ ಬಾಗಿಲಿಗಂತೂ ಚಿಲಕವೇ ಬೇಡ. ಒಬ್ಬರೇ ಇರುವ ಮನೆಯಲ್ಲಿ ಯಾರಿಂದ ಮರೆ? ‘ಪಕ್ಕದವರಿಗೆ ಕೈ ಕೊಡಾದಾ? ಅವರಿಗೂ ನಮಗೂ ಗೋಡೆ ಜಗಳ ಐತಿ’ ಎನ್ನುತ್ತಾರೆ. ಐತಿ, ನಮ್ಮ ಕಡೆ ಯಾವ ಎರಡು ಮನೆಗಳ ನಡುವೆ ಗೋಡೆ ಜಗಳ ಇಲ್ಲ ಹೇಳಿ? ಹಾಗಾದರೆ ಎದುರು ಮನೆಗೆ ಕೊಡಿ. ಅವರ ಜೊತೆ ಚರಂಡಿ ಜಗಳ ಇದ್ದರೆ ಕಿರಾಣಿ ಅಂಗಡಿಗೆ ಕೊಡಿ.

ಜಪಾನಿನ ಜೊಜಿರುಶಿ ಕಂಪನಿ 2001ರಲ್ಲಿ ಒಂದು ಚಹಾ ನೀರಿನ ಕೆಟಲು ತಂದಿತು. ಒಂಟಿ ಮುದುಕರು ಬಳಸಲೆಂದೇ ಮಾಡಿದ್ದು. ಅಜ್ಜ ಯಾವಾಗ ನೀರು ಬಗ್ಗಿಸಿಕೊಂಡ ಎಂಬ ಸುದ್ದಿ ದೂರದ ಮಗನಿಗೆ ಹೋಗುತ್ತದೆ. ಬೆಳಿಗ್ಗೆಯಿಂದ ಕೆಟಲು ಮುಟ್ಟಿಲ್ಲವೆಂದರೆ ಏನೋ ಆಗಿದೆ ಎಂದರ್ಥ. ಬಹಳ ಬುದ್ಧಿವಂತಿಕೆ, ಆದರೆ ನಮ್ಮ ಕಡೆ ಇದು ಮೊದಲೇ ಇತ್ತು, ಕೆಟಲಿಲ್ಲದೆ. ಬೆಳಗಾಗುತ್ತಲೇ ಅಂಗಳ ಗುಡಿಸಿ, ಚಳೆ ಹೊಡೆದು, ರಂಗೋಲಿ ಎಳೆಯುತ್ತಾರೆ. ಏಳು ಗಂಟೆಯಾದರೂ ಅಂಗಳ ಒಣಗಿದ್ದರೆ ಬೀದಿಯವರಿಗೇ ಗೊತ್ತಾಗುತ್ತದೆ. ಹಡಗಲಿಯಲ್ಲಿ ಇನ್ನೂ ಸೊಗಸು. ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ. ನಸುಕಿಗೇ ಮೊಗ್ಗು ಕಿತ್ತು ಮನೆಮನೆಗೆ ಕಟ್ಟಲು ಕೊಡುತ್ತಾರೆ. ಅಲ್ಲೊಬ್ಬ ಒಂಟಿ ಅಜ್ಜಿ ದಿನಾ ಜಗುಲಿಯ ಮೇಲೆ ಕೂತು ಹೂ ಕಟ್ಟುತ್ತಾಳೆ. ಮೊಗ್ಗು ತರುವ ಹುಡುಗ ಜಗುಲಿ ಖಾಲಿ ಇದ್ದರೆ ‘ಅವ್ವಾ’ ಎಂದು ಕೂಗದೆ ಮುಂದಕ್ಕೆ ಹೋಗುವುದಿಲ್ಲ. ಹೂವು ಬಾಡುತ್ತದೆಂಬ ಆತುರವೂ ಅವನಿಗಿದೆ ಅನ್ನಿ. ಆ ಆತುರವೇ ಅಜ್ಜಿಯ ವಿಮೆ.

ಇಂಥ ಕಣ್ಣುಗಳು ಕಡಿಮೆಯಾಗುತ್ತಿವೆ. ಮೊದಲು ವೃದ್ಧಾಪ್ಯ ವೇತನ ಅಂಚೆಯಲ್ಲಿ ಬರುತ್ತಿತ್ತು. ಪೋಸ್ಟ್‌ಮ್ಯಾನ್ ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು, ನೀರು ಕುಡಿದು, ಮೊಣಕಾಲು ಹೇಗಿದೆ ಎಂದು ಕೇಳಿ ಹೋಗುತ್ತಿದ್ದ. ಈಗ ಸಂಧ್ಯಾ ಸುರಕ್ಷಾ ಯೋಜನೆಯ 1200 ರೂಪಾಯಿ ನೇರ ಖಾತೆಗೆ ಬೀಳುತ್ತದೆ. ಸೋರಿಕೆ ನಿಂತಿತು, ಒಳ್ಳೆಯದೇ ಆಯಿತು. ಮೊಣಕಾಲು ಕೇಳುವವನೂ ನಿಂತುಹೋದ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಕೇಂದ್ರ ಮಾಡಿದ ಮಾದರಿ ನಿಯಮಗಳಲ್ಲಿ, ಪ್ರತಿ ಪೊಲೀಸ್ ಠಾಣೆ ತನ್ನ ವ್ಯಾಪ್ತಿಯ ಹಿರಿಯರ, ಅದರಲ್ಲೂ ಒಂಟಿಯಾಗಿರುವವರ, ಪಟ್ಟಿ ಇಟ್ಟುಕೊಂಡು ತಿಂಗಳಿಗೊಮ್ಮೆ ಹೋಗಿ ಮಾತಾಡಿಸಿ ಬರಬೇಕೆಂದಿದೆ. ನಿಮ್ಮ ಬೀದಿಗೆ ಯಾವಾಗ ಬಂದಿದ್ದರು ಎಂದು ನಾನು ಕೇಳುವುದಿಲ್ಲ, ನೀವೇ ಠಾಣೆಗೆ ಹೋಗಿ ಕೇಳಿ.

ಒಂಟಿ ಮನೆಯ ಉಳಿದ ಅಪಾಯಗಳಲ್ಲಿ ಗ್ಯಾಸಿನ ಮಾತು ಚುಟುಕಾಗಿ. ಉಜ್ವಲ ಯೋಜನೆ ಬಂದದ್ದು 2016ರಲ್ಲಿ. ಒಲೆ ಊದಿ ಕಣ್ಣು ಕಳೆದುಕೊಂಡ ಅಜ್ಜಿಯರಿಗೆ ಅದು ವರವೇ. ಸೋರಿದ್ದು ಗೊತ್ತಾಗಲೆಂದು ಗ್ಯಾಸಿಗೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ವಯಸ್ಸಾದಂತೆ ಮೂಗಿಗೆ ಆ ವಾಸನೆ ಸರಿಯಾಗಿ ತಿಳಿಯುವುದಿಲ್ಲ, ಅದು ತೊಂದರೆ. ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡುವುದೊಂದೇ ದಾರಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನು ಮಾಡಬೇಕು. ಇನ್ನು ಮೋಸಗಾರರು. ಬಂಗಾರ ತೊಳೆದು ಕೊಡುತ್ತೇವೆ ಎಂದು ಬರುವವರಿಗೆ ಜಗುಲಿಯಿಂದಲೇ ನಮಸ್ಕಾರ. ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎಂದು ಫೋನಿನಲ್ಲಿ ಹೆದರಿಸುವವರಿಗೆ ಆ ನಮಸ್ಕಾರವೂ ಬೇಡ, ಕಟ್ ಮಾಡಿ 1930ಕ್ಕೆ ತಿಳಿಸಿ. ಪೊಲೀಸರು ಫೋನಿನೊಳಗೆ ಯಾರನ್ನೂ ಬಂಧಿಸುವುದಿಲ್ಲ.

ಫೋನು ಎಂದಾಗ ನೆನಪಾಯಿತು. ಅದು ಮಂಚದ ಮೇಲಿದ್ದು ಅಜ್ಜ ಬಚ್ಚಲಲ್ಲಿ ಬಿದ್ದರೆ ಏನು ಫಲ? ದೊಡ್ಡ ಗುಂಡಿಗಳ ಸಾದಾ ಫೋನು ಕೊಟ್ಟು ಕೊರಳಿಗೆ ದಾರ ಕಟ್ಟಿ. ಲಿಂಗದ ಕರಡಿಗೆ ಹಾಕಿಕೊಂಡು ಬದುಕಿದ ನಮ್ಮ ಕಡೆಯ ಎಷ್ಟೋ ಹಿರಿಯರಿಗೆ ಕೊರಳಲ್ಲಿ ಇನ್ನೊಂದು ದಾರ ಭಾರವಾಗದು. ಒಂದನೇ ಗುಂಡಿ ಒತ್ತಿದರೆ ಹೋಗುವ ಕರೆ ಪಕ್ಕದ ಮನೆಗೆ ಇರಲಿ, ಮಗನಿಗಲ್ಲ. ಮಗ ಎರಡನೆಯವನು. ಮಕ್ಕಳಿಗೆ ಇದು ಸ್ವಲ್ಪ ಕಸಿವಿಸಿ. ಆದರೆ ಎತ್ತಿ ಕೂರಿಸುವವನೇ ಮೊದಲು. ಹಿರಿಯರ ಸಹಾಯವಾಣಿ 14567 ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಪಿಂಚಣಿ ನಿಂತರೆ, ಮಗ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಏನು ಮಾಡಬೇಕೆಂದು ಅವರು ಹೇಳುತ್ತಾರೆ. ಆಸ್ತಿ ಬರೆದುಕೊಟ್ಟ ಮೇಲೆ ನೋಡಿಕೊಳ್ಳದವರ ಮೇಲೆ ಹರಪನಹಳ್ಳಿಯ ಉಪವಿಭಾಗಾಧಿಕಾರಿ ಕಚೇರಿಯಂಥ ಕಡೆ ಅರ್ಜಿ ಹಾಕಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದದ್ದಾದರೆ ಆ ಪತ್ರವನ್ನೇ ರದ್ದು ಮಾಡಲು ಅದೇ 2007ರ ಕಾಯ್ದೆಯ 23ನೇ ಕಲಮಿನಲ್ಲಿ ಅವಕಾಶವಿದೆ. ರಾತ್ರಿ ಮೂರು ಗಂಟೆಗೆ ಬಿದ್ದವರಿಗೆ 14567 ಎಚ್ಚರ ಇರುವುದಿಲ್ಲ. ಆಗ 112 ಅಥವಾ 108.

ಉಗಾದಿಗೆ ಬಸ್ಸು ತುಂಬಿ ಊರಿಗೆ ಬರುವವರಲ್ಲಿ ನನ್ನದೊಂದು ಬೇಡಿಕೆ. ಅಮ್ಮನಿಗೆ ಈ ಸಲ ಸೀರೆ ಬೇಡ, ಅವಳ ಟ್ರಂಕಿನಲ್ಲಿ ಉಡದ ಸೀರೆಗಳೇ ಸಾಕಷ್ಟಿವೆ. ಒಂದು ಸ್ಟೀಲ್ ಹಿಡಿಕೆ, ಒಂದು ರಾತ್ರಿ ದೀಪ, ಎರಡು ಕಡೆ ತೆರೆಯುವ ಒಂದು ಲಾಕು ತನ್ನಿ. ಹೋಳಿಗೆ ಉಂಡು ಮಲಗುವ ಮುಂಚೆ ಬಚ್ಚಲಿಗೆ ಇಳಿದು ಪಾಚಿ ತಿಕ್ಕಿ, ಹಿಡಿಕೆ ಹಾಕಿಸಿ, ಒಂದು ಬೀಗದ ಕೈ ಪಕ್ಕದ ಮನೆಗೆ ಕೊಟ್ಟು ಬಸ್ಸು ಹತ್ತಿ. ಮೇಸ್ತ್ರಿ ಸಿಗುವುದಿಲ್ಲ ಎನ್ನಬೇಡಿ, ಹಬ್ಬಕ್ಕೆ ಅವನೂ ಬೆಂಗಳೂರಿನಿಂದ ಊರಿಗೆ ಬಂದಿರುತ್ತಾನೆ.